ಸಂಜೆ ಏಳಕ್ಕೆ ಮೋಟರ್ ಹಚ್ಚುವವರಿಗೆ

ಸಂಜೆ ಏಳಾದರೆ ಸಾಕು, ನಮ್ಮ ಕೃಷ್ಣಾ ನಡುಗಡ್ಡೆಯಲ್ಲಿ ಬಲ್ಬು ಮಂಕಾಗುತ್ತವೆ, ಫ್ಯಾನು ತಿರುಗಲೋ ಬೇಡವೋ ಅನ್ನುತ್ತದೆ. ಒಂದು ಮನೆಯಲ್ಲಿ ನೀರಿನ ಮೋಟರ್, ಪಕ್ಕದಲ್ಲಿ ಮಿಕ್ಸಿ, ಆಚೆ ಮನೆಯಲ್ಲಿ ಇಸ್ತ್ರಿ. ಕೇಳಿದರೆ, "ಗೃಹಜ್ಯೋತಿ ಇದೆಯಲ್ಲ ಅಜ್ಜಿ, ಬಿಲ್ಲೇ ಬರಲ್ಲ" ಅಂತಾರೆ. ಬಿಲ್ ಬರದಿದ್ದರೆ ಟಿಸಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್, ಗಟ್ಟಿಯಾಗುತ್ತದೆಯೇ? 25 ಕೆವಿಎ ಟಿಸಿ ಹೊರುವುದು ಸುಮಾರು 20 ಕಿಲೋವ್ಯಾಟ್. ಇಸ್ತ್ರಿಪೆಟ್ಟಿಗೆ ಒಂದೇ 1 ಕಿಲೋವ್ಯಾಟ್ ಎಳೆಯುತ್ತದೆ, 1 ಎಚ್‌ಪಿ ಮೋಟರ್ ಹೆಚ್ಚುಕಡಿಮೆ ಅಷ್ಟೇ. ಊರೆಲ್ಲ ಒಟ್ಟಿಗೆ ಹಚ್ಚಿದರೆ ಅದು ಸುಡದೆ ಏನು ಮಾಡೀತು? ಶಕ್ತಿನಗರದ 1720 ಮೆಗಾವ್ಯಾಟ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆ, ನಿಜ. ಆದರೆ ಟಿಸಿ ಸುಟ್ಟರೆ, ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ದಾಟಿ ಹೊಸ ಟಿಸಿ ತರುವವರು ಯಾರು?

ಮೋಟರ್, ಮಿಕ್ಸಿ, ಇಸ್ತ್ರಿ ಎಲ್ಲ ಮಧ್ಯಾಹ್ನವೇ ಮುಗಿಸಿ. ಬಟ್ಟೆಯನ್ನು ಹಸಿ ಇರುವಾಗಲೇ ಚೆನ್ನಾಗಿ ಜಾಡಿಸಿ ಒಣಹಾಕಿದರೆ ಅರ್ಧ ಇಸ್ತ್ರಿ ಅಲ್ಲೇ ಆಯಿತು. ಈಗಿನವರು ಹಿಂಡಿದ ಮುದ್ದೆಯನ್ನೇ ತಂತಿಗೆ ಎಸೆಯುತ್ತಾರೆ.

ಇನ್ನು ಫ್ರಿಜ್. ಅದನ್ನೂ ಸಂಜೆ ಏಳರಿಂದ ರಾತ್ರಿ ಹತ್ತರವರೆಗೆ ಆರಿಸಿಡಿ. ನಮ್ಮತ್ತೆ ಒದ್ದೆ ಉಸುಕಿನ ಮೇಲೆ ಮಣ್ಣಿನ ಗಡಿಗೆ ಇಟ್ಟು, ಸುತ್ತ ಹಸಿ ಗೋಣಿಚೀಲ ಸುತ್ತಿ ಮಜ್ಜಿಗೆ ಕಾಯುತ್ತಿದ್ದರು. ರಾಯಚೂರಿನ ಬೇಸಿಗೆಯಲ್ಲೂ ಹುಳಿ ಏರುತ್ತಿರಲಿಲ್ಲ. ಫ್ರಿಜ್‌ಗೂ ಅಷ್ಟೇ ಉಪಚಾರ ಬೇಕು. ದಪ್ಪ ಬಾಟಲಿಗಳಿಗೆ ಭುಜದವರೆಗೆ ಮಾತ್ರ ನೀರು ತುಂಬಿ, ಕಂಠದವರೆಗೆ ತುಂಬಿದರೆ ಹೆಪ್ಪುಗಟ್ಟುವಾಗ ಸೀಳುತ್ತದೆ. ಹೊರಮೈ ಒರೆಸಿ, ಬೆಳಿಗ್ಗೆ ಫ್ರೀಜರ್‌ನಲ್ಲಿ ಒಂದಕ್ಕೊಂದು ತಾಗದಂತೆ ಇಡಿ. ಸಂಜೆಗೆ ಕಲ್ಲಾಗಿರಬೇಕು, ಕುಲುಕಿದರೆ ನೀರಿನ ಸದ್ದು ಬರಬಾರದು. ಏಳಕ್ಕೆ ಮೊದಲು ಅವನ್ನು ಕೆಳಗಿನ ಭಾಗದ ಮೇಲಿನ ಹಲಗೆಗೆ ಇಳಿಸಿ, ಅಡಿಗೆ ಒಂದು ತಟ್ಟೆ. ತಂಪು ಕೆಳಕ್ಕೆ ಇಳಿಯುತ್ತದೆ, ಅದಕ್ಕೇ ಹಾಲು ಈ ಬಾಟಲಿಗಳ ಕೆಳಗಿರಲಿ. ರಾತ್ರಿಗೆ ಬೇಕಾದ ಮೊಸರು, ಉಪ್ಪಿನಕಾಯಿ ಮೊದಲೇ ಹೊರಗೆ ತೆಗೆದುಬಿಡಿ. ಆಮೇಲೆ ಸ್ವಿಚ್ ಆಫ್. ಬಾಗಿಲ ರಬ್ಬರಿಗೆ ಒಂದು ಕಾಗದ ಸಿಕ್ಕಿಸಿ ಎಳೆದು ನೋಡಿ. ಸುಮ್ನೆ ಜಾರಿ ಬಂದರೆ ರಬ್ಬರ್ ಬದಲಿಸಿ, ಇಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದು ದಂಡ. ಮಕ್ಕಳು ಬಾಗಿಲು ತೆರೆದು ಒಳಗೆ ನೋಡುತ್ತಾ ನಿಲ್ಲುತ್ತಾರಲ್ಲ, ಅದಂತೂ ಕೂಡದು.

ಹತ್ತು ಹೊಡೆದ ತಕ್ಷಣ ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಬೇಡಿ, ಮತ್ತೆ ಅದೇ ಪಾಡು. ಒಬ್ಬರು ಹತ್ತಕ್ಕೆ ಹಚ್ಚಿದರೆ ಪಕ್ಕದವರು ಸ್ವಲ್ಪ ತಡೆದು ಹಚ್ಚಲಿ.