ಕೈಯಾರೆ ಹೊಲಿದ ಬಟ್ಟೆಗೆ ನಿಮ್ಮ ಹೆಸರಿನ ಲೇಬಲ್, ಮನೇಲೇ ಮಾಡ್ಕೊಳ್ಳಿ

ಬ್ಯಾಗೋ ಮಗು ಫ್ರಾಕೋ ಕೌದಿಯೋ, ಏನೇ ಹೊಲಿದ್ರೂ ಹೊಲಿದವ್ರ ಹೆಸರು ಅದ್ರ ಮೇಲೆ ಇರ್ಲೇಬೇಕು ಅನ್ನೋಳು ನಾನು, ಅದನ್ನ ಮಾರ್ತೀರೋ ಮನೇಲೇ ಇಟ್ಕೋತೀರೋ ಬೇರೆ ವಿಷ್ಯ. ನೇಯ್ದ ಲೇಬಲ್‌ಗೆ ಆರ್ಡರ್ ಕೊಟ್ರೆ ಸಾಮಾನ್ಯವಾಗಿ ನೂರಾರು ಪೀಸ್ ಒಟ್ಟಿಗೇ ತಗೋಬೇಕಾಗತ್ತೆ, ನಮಗೆ ಬೇಕಾಗಿರೋದು ಹತ್ತೋ ಇಪ್ಪತ್ತೋ.

ಮೊದ್ಲು ಟೇಪ್. ಟೈಲರಿಂಗ್ ಸಾಮಾನಿನ ಅಂಗಡೀಲಿ ಬಿಳಿ ಕಾಟನ್ ಟೇಪ್ ಕೇಳಿ, 1 ಇಂಚು ಅಗಲದ್ದು. ಅದ್ರ ಎರಡೂ ಅಂಚು ನೇಯ್ದೇ ಬಂದಿರತ್ತೆ, ನೂಲು ಬಿಚ್ಚಲ್ಲ, ಕತ್ತರಿಸಿದ ತುದಿ ಮಾತ್ರ ಮಡಚಿದ್ರೆ ಸಾಕು. ತಂದ ತಕ್ಷಣ ಬಿಸಿನೀರಲ್ಲಿ ನೆನೆಸಿ ಒಗೆದು ಇಸ್ತ್ರಿ ಮಾಡಿ, ಗಂಜಿ ಹೋಗ್ದೆ ಬಣ್ಣ ಸರಿಯಾಗಿ ಹಿಡಿಯಲ್ಲ, ಆಮೇಲೆ ಟೇಪ್ ಕುಗ್ಗಿದ್ರೆ ಸುತ್ತಲಿನ ಬಟ್ಟೆನೂ ಸುಕ್ಕಾಗತ್ತೆ. ಪಾಲಿಯೆಸ್ಟರ್ ಸ್ಯಾಟಿನ್ ರಿಬ್ಬನ್ ನೋಡೋಕೆ ಚೆಂದ, ತುದೀನ ಮೇಣದಬತ್ತಿಗೆ ತೋರಿಸಿದ್ರೆ ಸೀಲ್ ಕೂಡ ಆಗತ್ತೆ, ಆದ್ರೆ ಕರಗಿದ ಅಂಚು ಗಟ್ಟಿಯಾಗಿ ಚುಚ್ಚತ್ತೆ, ಮಕ್ಕಳ ಬಟ್ಟೆಗೆ ಬೇಡ.

ನನ್ ಪ್ರಕಾರ ಎಲ್ಲಕ್ಕಿಂತ ಒಳ್ಳೇದು ರಬ್ಬರ್ ಸ್ಟ್ಯಾಂಪ್. ಸೀಲ್ ಮಾಡೋ ಅಂಗಡೀಲಿ ಮರದ ಹಿಡಿ ಇರೋ ಸಾದಾ ಸ್ಟ್ಯಾಂಪ್ ಮಾಡಿಸ್ಕೊಳ್ಳಿ, ಇಂಕ್ ಒಳಗೇ ಇರೋದು ಬೇಡ, ಆ ಆಫೀಸ್ ಇಂಕ್ ಸಾಮಾನ್ಯವಾಗಿ ಒಗೆದ್ರೆ ಹೋಗತ್ತೆ. ಕನ್ನಡದಲ್ಲಿ ಬರೆಸೋದಾದ್ರೆ ಅಕ್ಷರ ದೊಡ್ಡದಿರ್ಲಿ, ಯಾಕಂದ್ರೆ ಒತ್ತಕ್ಷರದ ಸಂದೀಲಿ, ಕೊಂಬು ದೀರ್ಘದ ಮಧ್ಯೆ ಬಣ್ಣ ತುಂಬ್ಕೊಂಡು ಓದೋಕಾಗಲ್ಲ, ಟೇಪಿನ ಅಗಲಕ್ಕೆ ಒಂದೇ ಸಾಲು ಸಾಕು, ತೆಳು ಗೆರೆಯ ಫಾಂಟ್ ಆರಿಸ್ಕೊಳ್ಳಿ. ಬಟ್ಟೆಗೆ ಹಚ್ಚೋ ಅಕ್ರಿಲಿಕ್ ಬಣ್ಣಾನ ನೀರು ಹಾಕ್ದೆ ಸ್ಪಾಂಜ್‌ಗೆ ತೆಳ್ಳಗೆ ಸವರಿ, ಸ್ಪಾಂಜಿಂದ ಸ್ಟ್ಯಾಂಪ್‌ಗೆ ತಟ್ಟಿ, ಟೇಪ್ ಮೇಲೆ ನೇರವಾಗಿ ಒತ್ತಿ ನೇರವಾಗೇ ಎತ್ತಿ. ಟೇಪ್ ಕತ್ತರಿಸ್ಬೇಡಿ ಮೊದ್ಲೇ, ಉದ್ದಕ್ಕೆ ಹಾಸಿ ಎರಡೆರಡು ಇಂಚು ಜಾಗ ಬಿಟ್ಟು ಒತ್ಕೊಂಡು ಹೋಗಿ, ಚೆನ್ನಾಗಿ ಬಂದಿರೋದನ್ನ ಆಮೇಲೆ ಕತ್ತರಿಸಿದ್ರಾಯ್ತು. ಒಂದು ದಿನ ಪೂರ್ತಿ ಒಣಗ್ಲಿ, ನಂತ್ರ ತಿರುಗಿಸಿ ಹಿಂದುಗಡೆಯಿಂದ ಇಸ್ತ್ರಿ ಮಾಡಿ, ಕಾಟನ್ ಬಿಸಿ, ಸ್ಟೀಮ್ ಇಲ್ದೆ. ಸ್ಟ್ಯಾಂಪ್‌ನ ಮಾತ್ರ ತಕ್ಷಣ ತೊಳೀರಿ, ಅಕ್ರಿಲಿಕ್ ಒಣಗಿದ್ರೆ ರಬ್ಬರಿಂದ ಬಿಡಿಸೋದು ಕಷ್ಟ.

ಪ್ರಿಂಟರ್ ಇದ್ರೆ ಟೀ ಶರ್ಟ್‌ಗೆ ಹಾಕೋ ಟ್ರಾನ್ಸ್‌ಫರ್ ಪೇಪರ್ ತಗೋಬಹುದು, ಅದ್ರ ಮೇಲೆ ಪ್ರಿಂಟ್ ಮಾಡಿದ್ದು ಇಸ್ತ್ರಿ ಬಿಸಿಗೆ ಬಟ್ಟೆಗೆ ಅಂಟ್ಕೊಳ್ಳತ್ತೆ. ಇಂಕ್‌ಜೆಟ್ ಪೇಪರ್‌ನ ಲೇಸರ್ ಪ್ರಿಂಟರ್‌ಗೆ ಹಾಕ್ಲೇಬೇಡಿ, ಒಳಗಿನ ಬಿಸಿಗೆ ಕರಗಿ ಅಂಟ್ಕೊಳ್ಳತ್ತೆ. ತಿಳಿ ಬಣ್ಣದ ಬಟ್ಟೆಯ ಪೇಪರ್‌ಗೆ ಹೆಸರು ಉಲ್ಟಾ ಪ್ರಿಂಟ್ ಆಗ್ಬೇಕು, ಕನ್ನಡಿಲಿ ಕಂಡಂಗೆ. ಇಸ್ತ್ರಿ ಪೆಟ್ಟಿಗೇನ ಆಡಿಸ್ದೆ ಒತ್ತಿ ಹಿಡೀರಿ, ಕೆಳಗೆ ಮೆತ್ತನೆ ಹೊದಿಕೆ ಬದ್ಲು ಮರದ ಮೇಜಿನ ಮೇಲೆ ಒಂದು ಹಳೇ ಬಟ್ಟೆ ಹಾಸಿ. ಬಣ್ಣ ಬಣ್ಣದ ಚಿತ್ರ ಬೇಕಂದ್ರೆ ಇದೇ ದಾರಿ, ಆದ್ರೆ ಒಗೀತಾ ಒಗೀತಾ ಬಿರುಕು ಬಿಡತ್ತೆ, ದಿನಾ ಒಗೆಯೋ ಬಟ್ಟೆಗೆ ನಾನು ಹೇಳಲ್ಲ.

ಬ್ಯಾಗಿಗಾದ್ರೆ ಲೇಬಲ್ ಅರ್ಧಕ್ಕೆ ಮಡಚಿ ಪಕ್ಕದ ಹೊಲಿಗೆ ಒಳಗೆ ಸಿಕ್ಕಿಸಿ, ಹೊಲಿಗೆಯೊಳಗೆ ಹೋಗೋಕೆ ಎರಡೂ ಕಡೆ ಅರ್ಧ ಇಂಚು ಜಾಸ್ತಿ ಬಿಡಿ, ಮಡಚಿದ ಮೇಲೆ ಹೆಸರು ಮುಂದೆ ಕಾಣ್ಬೇಕು ಅನ್ನೋದನ್ನ ಒತ್ತೋ ಮೊದ್ಲೇ ಪೇಪರ್ ತುಂಡಲ್ಲಿ ಮಡಚಿ ನೋಡ್ಕೊಳ್ಳಿ. ಮಕ್ಕಳ ಬಟ್ಟೇಲಿ ಕುತ್ತಿಗೆ ಬಿಟ್ಟು ಹೊರಗಡೆ ಕೆಳಗಂಚಿಗೆ ಹಾಕಿ.

ಕೌದಿಗೆ ಸ್ಟ್ಯಾಂಪೂ ಬೇಡ ಪ್ರಿಂಟೂ ಬೇಡ, ಒಂದು ಬಟ್ಟೆ ತುಂಡಿನ ಮೇಲೆ ದಾರದಲ್ಲೇ ಹೆಸರು, ಊರು, ಇಸವಿ ಹೊಲೀರಿ, ಎರಡೆಳೆ ದಾರ ಸಾಕು. ಆ ತುಂಡನ್ನ ಕೌದಿ ಹೊಲಿಯೋ ಮೊದ್ಲೇ ಹಿಂಬದಿ ಬಟ್ಟೆಯ ಮೂಲೆಗೆ ಕೂರಿಸಿ, ಆಗ ಕೌದಿಯ ಸಾಲು ಹೊಲಿಗೆ ಅದ್ರ ಮೇಲೂ ಹಾದು ಹೋಗತ್ತೆ, ಎಷ್ಟು ವರ್ಷ ಒಗೆದ್ರೂ ಬಿಚ್ಕೊಳ್ಳಲ್ಲ.