ಕವಳದ ತಟ್ಟೆ ಮಕ್ಕಳ ಕೈಗೆ ದಾಟದಂತೆ ನೋಡಿಕೊಳ್ಳುವುದು ಹೇಗೆ?

ಶಿರಸಿ, ಸಾಗರ, ತೀರ್ಥಹಳ್ಳಿ ಸೀಮೆಯ ಅನೇಕ ಮನೆಗಳಲ್ಲಿ ಮಗು ಮೊದಲ ಕವಳ (ಎಲೆ ಅಡಿಕೆ) ಬಾಯಿಗೆ ಹಾಕುವ ಹೊತ್ತಿಗೆ, ಕವಳ ಮಡಿಸುವ ಕೆಲಸವೆಲ್ಲ ಅದಕ್ಕೆ ಕರಗತವಾಗಿರುತ್ತದೆ. ಎಲೆಯ ತೊಟ್ಟು ಮುರಿದು ಬೆನ್ನಿಗೆ ಸುಣ್ಣ ಸವರುವುದು, ಅಡಿಕೆ ಹೋಳು ಆರಿಸುವುದು, ಅಜ್ಜನಿಗೆ ಬೇಕಾದಷ್ಟೇ ಹೊಗೆಸೊಪ್ಪನ್ನು ಚಿವುಟಿ ಇಡುವುದು ಎಲ್ಲವೂ ಬರುತ್ತದೆ. ಹಿರಿಯರನ್ನು ನೋಡಿ ಮಕ್ಕಳು ಕಲಿಯುತ್ತಾರೆ ಎನ್ನುತ್ತೇವೆ; ಆದರೆ ನೋಡಿ ಕಲಿಯುವುದಕ್ಕೆ ಮೊದಲೇ, ನಾವು ಹೇಳುವ ಚಿಲ್ಲರೆ ಕೆಲಸಗಳ ಮೂಲಕ ಚಟದ ಅರ್ಧ ದಾರಿಯನ್ನು ಅವರು ನಡೆದಿರುತ್ತಾರೆ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ತಂಬಾಕು ಬಳಸುತ್ತಾರೆ, ಅವರಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು.

ಮೊದಲು ಮಾಡಬೇಕಾದದ್ದು ಈ ಕೆಲಸಗಳನ್ನು ನಿಲ್ಲಿಸುವುದು. ಒಂದು ವಾರ ಸುಮ್ಮನೆ ಗಮನಿಸಿ: ಸುಣ್ಣದ ಡಬ್ಬಿ ತರುವವರು ಯಾರು, ಬೀಡಿಗೆ ಬೆಂಕಿಪೊಟ್ಟಣ ಕೊಡುವವರು ಯಾರು, ಗೂಡಂಗಡಿಗೆ ಓಡುವವರು ಯಾರು? ಬಳಿಕ ಒಂದೊಂದನ್ನೂ ಮಕ್ಕಳ ಕೈಯಿಂದ ಬಿಡಿಸಿ, ಹಾಕುವವರೇ ಎದ್ದು ಹೋಗಿ ತಂದುಕೊಳ್ಳುವಂತೆ ಮಾಡಿ. ಎದ್ದು ಹೋಗಬೇಕಾದಾಗ ದಿನದ ಕವಳದ ಲೆಕ್ಕವೂ ತಾನಾಗಿಯೇ ತಗ್ಗುವುದುಂಟು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ರಾಜ್ಯದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಮಗುವಿಗೆ ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್‌ನಡಿ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೂ ‘ಅಪ್ಪನಿಗೆ’ ಎಂದರೆ ಸಾಕು, ಪೊಟ್ಟಣ ಕೈಗೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಎರಡನೆಯದು ತಟ್ಟೆಯ ಜಾಗ. ಜಗಲಿಯ ನಡುವೆ ಸದಾ ತೆರೆದಿರುವ ತಟ್ಟೆಯನ್ನು ಮಕ್ಕಳ ಕೈಗೆಟುಕದ ಕಪಾಟಿಗೆ ಸೇರಿಸಿ.

ಇಲ್ಲಿ ಹಿರಿಯರಿಂದ ಆಕ್ಷೇಪ ಬರುವುದು ಸಹಜ: ಎಲೆ ಅಡಿಕೆ ನಮ್ಮ ಸಂಪ್ರದಾಯ, ಬಂದವರಿಗೆ ಕವಳ ಕೊಡದಿದ್ದರೆ ಹೇಗೆ? ತಾಂಬೂಲ ಕೊಡುವುದು ಮರ್ಯಾದೆಯೇ ಹೌದು, ಆದರೆ ಕೊಟ್ಟದ್ದನ್ನೆಲ್ಲ ಜಗಿಯಬೇಕೆಂಬ ಕಟ್ಟಳೆಯಿಲ್ಲ. ಹೊಗೆಸೊಪ್ಪಂತೂ ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಕಾಲದಲ್ಲಿ ನಮ್ಮಲ್ಲಿಗೆ ಬಂದದ್ದು. ಸಂಪ್ರದಾಯದ ಹೆಸರಿನಲ್ಲಿ ಅದನ್ನು ಸಮರ್ಥಿಸುವುದು ಕಷ್ಟ.

ತಂಬಾಕಿಲ್ಲದ ಅಡಿಕೆ ನಿರಪಾಯ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯನ್ನು, ತಂಬಾಕಿಲ್ಲದ ಕವಳವನ್ನು ಕೂಡ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯೇ ಜೀವನಾಧಾರವಾದ ಊರುಗಳಲ್ಲಿ ಈ ಮಾತು ಕಹಿಯೆನಿಸುತ್ತದೆ. ಆದರೆ ತೋಟದ ಆದಾಯ ಬೇರೆ, ಎಂಟು ವರ್ಷದ ಮಗುವಿನ ಬಾಯಿ ಬೇರೆ. ಬಣ್ಣದ ಪೊಟ್ಟಣದ ಸಿಹಿ ಅಡಿಕೆಯನ್ನು ಮಿಠಾಯಿಯಂತೆ ಕೊಡಿಸುವುದನ್ನು ಇಂದೇ ಬಿಡಬೇಕು. ನಿರಂತರವಾಗಿ ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯಾಗುತ್ತದೆ. ಪರೀಕ್ಷಿಸುವುದು ಸುಲಭ: ಬಾಯನ್ನು ಪೂರ್ತಿ ತೆರೆಸಿ, ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಅವರವರದೇ ಮೂರು ಬೆರಳುಗಳನ್ನು ಒಂದರ ಮೇಲೊಂದರಂತೆ ಲಂಬವಾಗಿ ಇಡಿಸಿ. ಮೂರು ಬೆರಳು ಹಿಡಿಸದಿದ್ದರೆ, ಖಾರ ತಿಂದಾಗ ಬಾಯಿ ಅತಿಯಾಗಿ ಉರಿದರೆ ಅಥವಾ ಮಾಯದ ಬಿಳಿ ಕಲೆ ಕಂಡರೆ ದಂತವೈದ್ಯರ ಬಳಿ ಹೋಗಲು ತಡಮಾಡಬೇಡಿ. ಈ ಪರೀಕ್ಷೆಯನ್ನು ಮನೆಯ ಹಿರಿಯರಿಗೂ ಮಾಡಿಸಿ.

ಇಷ್ಟಾದ ಮೇಲೆ ಮಾತು. ‘ಅಪ್ಪ, ನೀನೂ ಹಾಕ್ತೀಯಲ್ಲ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ದೊಡ್ಡವರಾದ ಮೇಲೆ ಹಾಕಬಹುದು’ ಎಂಬ ಉತ್ತರಕ್ಕಿಂತ ಕೆಟ್ಟದ್ದಿಲ್ಲ, ಏಕೆಂದರೆ ಕವಳ ಹಾಕುವುದೇ ದೊಡ್ಡವರಾದುದರ ಗುರುತೆಂದು ಮಗು ಭಾವಿಸುತ್ತದೆ. ‘ನನಗೆ ಬಿಡಲಾಗುತ್ತಿಲ್ಲ, ಬಿಡಲು ಪ್ರಯತ್ನಿಸುತ್ತಿದ್ದೇನೆ’ ಎಂದು ಹೇಳುವುದೇ ಲೇಸು, ಅದು ನಿಜವಾಗಿದ್ದರೆ.

ಬಿಡಲು ದಿನ ಗೊತ್ತುಮಾಡುವಾಗ ಅಡಿಕೆ ಕೊಯ್ಲಿನ ಕಾಲ ಬೇಡ; ಕೆಲಸದವರಿಗೆ ದಿನವಿಡೀ ಕವಳ ಒದಗಿಸುವ ಮನೆಯಲ್ಲಿ ಆಗ ಮನಸ್ಸು ನಿಲ್ಲುವುದು ಕಷ್ಟ. ನಿಕೋಟಿನ್ ಬಿಟ್ಟಾಗಿನ ಸಿಡಿಮಿಡಿ, ನಿದ್ರೆಗೇಡು ಮೊದಲ ಮೂರು ದಿನ ಹೆಚ್ಚಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಆಗ ಬಾಯಿಗೆ ಬರಿ ಅಡಿಕೆಯಲ್ಲ, ಸೋಂಪು, ಲವಂಗ, ಏಲಕ್ಕಿ ಇರಲಿ. ವೈದ್ಯರು ಸೂಚಿಸುವ ನಿಕೋಟಿನ್ ಗಮ್ ಅನ್ನು ಒಂದೇ ಸಮನೆ ಜಗಿಯಬಾರದು. ನಾಲಿಗೆ ಚುರುಗುಟ್ಟುವವರೆಗೆ ನಿಧಾನವಾಗಿ ಅಗಿದು, ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡು, ಚುರುಗು ಕಡಿಮೆಯಾದಾಗ ಮತ್ತೆ ಅಗಿಯಬೇಕು. ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮಗು ಈಗಾಗಲೇ ಶುರುಮಾಡಿದ್ದರೆ ಹೊಡೆತ, ಬೈಗುಳ ಬೇಡ. ಹೊಡೆದರೆ ಅದು ಕದ್ದು ಹಾಕುವುದನ್ನು ಕಲಿಯುತ್ತದೆ. ಎಲ್ಲಿ ಸಿಕ್ಕಿತು, ಯಾರ ಜೊತೆ ಹಾಕಿತು, ದಿನಕ್ಕೆ ಎಷ್ಟು ಎಂಬುದನ್ನು ಸಮಾಧಾನದಿಂದ ಕೇಳಿ ತಿಳಿದುಕೊಂಡು, ಆ ವಿವರದೊಂದಿಗೆ ವೈದ್ಯರನ್ನು ಕಾಣಿ. ಅಪ್ಪನೋ ಅಜ್ಜನೋ ಅದೇ ದಿನ ತಮ್ಮ ಬಾಯನ್ನೂ ಅವರಿಗೆ ತೋರಿಸಿಕೊಳ್ಳಲಿ.