ಹುಲಿ ನೋಡ್ತಾ ಕೂತೆ, ತೋಟ ತಿಂದಿದ್ದು ತುಕ್ಕು: ನನ್ನ ಅನುಭವ

ನಮ್ದು ಚಿಕ್ಕಮಗಳೂರಿನ ಮಲ್ಲಂದೂರು ಕಡೆ ಅರೇಬಿಕಾ ಕಾಫಿ ತೋಟ, ಅಜ್ಜನ ಕಾಲದ ಎಸ್.795 ತಳಿ ಗಿಡ, ಆಚೆ ಮುತ್ತೋಡಿ ಕಾಡು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಮಳೆ ಸ್ವಲ್ಪ ಹೊಳವಾಗಿತ್ತು, ಎಲೆಗೆ ಬರೋ ತುಕ್ಕು ಅನ್ನೋ ಶಿಲೀಂಧ್ರ ರೋಗ ತಡೆಯೋಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡಿಬೇಕು ಅಂತ ಮೈಲುತುತ್ತ ಸುಣ್ಣ ಎಲ್ಲಾ ತಂದಿಟ್ಟಿದ್ದೆ, ಅಷ್ಟ್ರಲ್ಲಿ ಕೆರೆ ಏರಿ ಮೇಲೆ ಹೆಜ್ಜೆ ಕಾಣಿಸ್ತು. ನಾಲ್ಕು ಬೆರಳು, ಉಗುರಿನ ಗುರುತಿಲ್ಲ, ನನ್ನ ಅಂಗೈ ಇಟ್ರೂ ಮುಚ್ಚಲ್ಲ. ಎರಡು ದಿನಕ್ಕೆ ಪಕ್ಕದ ತೋಟದವ್ರ ಹಸು ಹೋಯ್ತು. ಆಳುಗಳು ಬರಲ್ಲ ಅಂದ್ರು, ಜೀವದ ವಿಷ್ಯ, ನಾನೂ ಬಲವಂತ ಮಾಡ್ಲಿಲ್ಲ. ಮೂರು ವಾರ ಹಂಗೇ ಹೋಯ್ತು.

ಅಕ್ಟೋಬರ್‌ನಲ್ಲಿ ಒಳಗೆ ಹೋಗಿ ಒಂದೆಲೆ ಮಗುಚಿದ್ರೆ ಅಡಿ ಪೂರ್ತಿ ತುಕ್ಕಿನ ಕಿತ್ತಳೆ ಪುಡಿ, ಹೆಬ್ಬೆರಳಿಗೆ ಅರಿಶಿನದ ಹಂಗೆ ಅಂಟ್ಕೊಳ್ತು, ಮೇಲ್ಗಡೆ ನೋಡಿದ್ರೆ ಬರೀ ತಿಳಿ ಹಳದಿ ಚುಕ್ಕೆ. ಕೊಯ್ಲಿನ ಹೊತ್ತಿಗೆ ಗಿಡದ ರೆಕ್ಕೆಗಳು, ಅಂದ್ರೆ ಅಡ್ಡ ಕೊಂಬೆಗಳು, ಬೋಳು, ಜೊಳ್ಳು ಕಾಯಿ ಜಾಸ್ತಿ, ಎಲೆ ಇಲ್ದೆ ಮುಂದಿನ ವರ್ಷದ ಫಸಲೂ ಬಿತ್ತು. ಹುಲಿ ತಗೊಂಡಿದ್ದು ಒಂದು ಹಸು.

ಹುಲಿ ಕೊಂದು ತಿನ್ನುತ್ತೆ. ತುಕ್ಕಿಗೆ ಸತ್ತ ಎಲೆ ಬೇಡ, ಎಲೆಯಡಿಯ ಉಸಿರಾಡೋ ರಂಧ್ರದಿಂದ ಒಳಗೆ ಹೋಗಿ ಜೀವ ಇರೋ ಕೋಶದಿಂದ ಹೀರ್ಕೊಂಡಿರುತ್ತೆ, ಅದೂ ವಾರಗಟ್ಟಲೆ ಗುರುತೇ ಕೊಡದೆ, ಪುಡಿ ಕಾಣೋ ಹೊತ್ತಿಗೆ ಗಾಳಿ ಮಳೆಯಲ್ಲಿ ಆಗ್ಲೇ ಬೇರೆ ಗಿಡಕ್ಕೆ ಹೋಗಿರುತ್ತೆ. 1869ರಲ್ಲಿ ಸಿಲೋನ್‌ನಲ್ಲಿ ಕಾಣಿಸ್ಕೊಂಡು ಅಲ್ಲಿನ ಕಾಫಿಯನ್ನೇ ಮುಗಿಸ್ತು, ಪ್ಲಾಂಟರ್‌ಗಳು ಟೀಗೆ ತಿರುಗಿದ್ರು. ಯಾವ ಹುಲಿಯೂ ಒಂದು ದೇಶದ ಬೆಳೆ ಬದಲಾಯ್ಸಿಲ್ಲ.

ಆಮೇಲಿಂದ ನಾನು ಮೇ ಕೊನೆಗೆ ಒಂದ್ಸಲ, ಸೆಪ್ಟೆಂಬರ್‌ಗೆ ಒಂದ್ಸಲ ಬೋರ್ಡೋ ತಪ್ಸಲ್ಲ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 200 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್‌ನಲ್ಲಿ ಕರಗಿಸಿ ಸೇರಿಸ್ಬೇಕು, ಆಮೇಲೆ ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪು ತಾಮ್ರ ಕೂತ್ರೆ ಸುಣ್ಣ ಸಾಲ್ದು ಅಂತ ಅರ್ಥ, ಇನ್ನಷ್ಟು ಹಾಕಿ. ನಾಝಲ್ ಮೇಲ್ಮುಖ ಹಿಡಿದು ಎಲೆಯಡಿ ನೆನೆಯೋ ಹಾಗೇ ಹೊಡಿಬೇಕು, ಮೇಲಿಂದ ಎರಚಿದ್ರೆ ದುಡ್ಡು ದಂಡ. ನೆರಳು ಮರದ ಕೊಂಬೆ ಕಡಿಯೋ ಮರಗಸಿಯೂ ಬಿಡ್ಬೇಡಿ, ಬೀಜಾಣು ಮೊಳೆಯೋಕೆ ಎಲೆ ಮೇಲೆ ನೀರು ನಿಲ್ಬೇಕು, ಗಾಳಿ ಬೆಳಕು ಆಡಿದ್ರೆ ಬೇಗ ಒಣಗುತ್ತೆ.

ಹೆಜ್ಜೆ ಕಂಡ್ರೆ ಅರಣ್ಯದವ್ರಿಗೆ ಫೋನ್ ಮಾಡ್ತೀನಿ, ಮನೆ ಹತ್ರದ ಬ್ಲಾಕಿಂದ ಶುರು ಮಾಡಿ ಎಲ್ರೂ ಗುಂಪಾಗಿ ಹತ್ತರಿಂದ ಮೂರರವರೆಗೆ ಹೊಡೀತೀವಿ, ಕಾಡಂಚಿನದು ಕೊನೆಗೆ. ಬೆಳಗ್ಗೆ ಕೆರೆ ಏರಿ ನೋಡ್ಕೊಂಡು ವಾಪಸ್ ಬರುವಾಗ ದಾರಿಯ ಹತ್ತು ಗಿಡದ ಎಲೆ ಮಗುಚಿ ನೋಡೇ ಮನೆಗೆ ಬರೋದು.